ಮಗಳ ಟೈಪ್ 1 ಮಧುಮೇಹ ಮತ್ತು ‘ಜ್ಯಾಕ್’ ಎಂಬ ಕಿಣ್ವಗಳು

ಪ್ರಶ್ನೆ: ಹನ್ನೊಂದು ವರ್ಷದ ನಮ್ಮ ಮಗಳಿಗೆ ಎರಡು ತಿಂಗಳ ಹಿಂದೆ ಟೈಪ್ 1 ಮಧುಮೇಹವೆಂದು ಗೊತ್ತಾಯಿತು. ಆಗ ದಿನಕ್ಕೆ 28 ಯೂನಿಟ್ ಇನ್ಸುಲಿನ್ ಬೇಕಾಗುತ್ತಿತ್ತು, ಈಗ 12 ಯೂನಿಟ್ ಸಾಕಾಗುತ್ತಿದೆ. ಕಾಯಿಲೆ ವಾಸಿಯಾಗುತ್ತಿದೆ, ಚುಚ್ಚುಮದ್ದು ನಿಲ್ಲಿಸಿ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ರೋಗನಿರೋಧಕ ಕೋಶಗಳ ಒಳಗಿನ ಒಂದು ಕಿಣ್ವದಿಂದ ಈ ಕಾಯಿಲೆ ಬರುತ್ತದೆಂದೂ ಅದನ್ನು ತಡೆಯುವ ಬ್ಯಾರಿಸಿಟಿನಿಬ್ ಎಂಬ ಮಾತ್ರೆ ಇದೆಯೆಂದೂ ಓದಿದೆ. ಆ ಕಿಣ್ವ ಯಾವುದು, ಅದು ಏನು ಮಾಡುತ್ತದೆ? ಮಗಳಿಗೆ ಆ ಮಾತ್ರೆ ಕೊಡಿಸಬಹುದೆ? ಆರು ವರ್ಷದ ಮಗನಿಗೂ ಹೀಗೇ ಆಗುತ್ತದೆಯೆ? ನಾವು ಮಕ್ಕಳನ್ನು ಸಾಕುವುದರಲ್ಲಿ ಏನಾದರೂ ತಪ್ಪು ಮಾಡಿದೆವೆ?

ಉತ್ತರ: ಇನ್ಸುಲಿನ್ನಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತಿಗೆಲ್ಲ ಸಮಯವಿದೆ, ಇದಕ್ಕಿಲ್ಲ. ಯಾರು ಹೇಳಿದರೂ ಚುಚ್ಚುಮದ್ದನ್ನು ನಿಲ್ಲಿಸಬೇಡಿ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಬಹಳಷ್ಟು ನಾಶವಾಗಿರುತ್ತವೆ. ಉಳಿದವು ಏರಿದ ಸಕ್ಕರೆಯ ಹೊರೆಯಲ್ಲಿ ದಣಿದು ಕೈಚೆಲ್ಲಿರುತ್ತವೆ. ಹೊರಗಿನಿಂದ ಇನ್ಸುಲಿನ್ ದೊರೆತು ಆ ಹೊರೆ ಇಳಿದಾಗ ಅವು ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತವೆ, ಬೇಕಾಗುವ ಡೋಸ್ ಕಡಿಮೆಯಾಗುತ್ತದೆ. ವೈದ್ಯರು ಇದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ಇದು ಕೆಲವು ವಾರಗಳಿಂದ ಒಂದು ವರ್ಷದವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ನಡೆಯಬಹುದು. ಆದರೆ ಬೀಟಾ ಕೋಶಗಳ ಮೇಲೆ ಮೈಯ ಸ್ವಂತ ರೋಗನಿರೋಧಕ ಕೋಶಗಳೇ ನಡೆಸುವ ದಾಳಿ ಈ ಅವಧಿಯಲ್ಲಿಯೂ ನಿಂತಿರುವುದಿಲ್ಲ. ಈಗ ಇನ್ಸುಲಿನ್ ನಿಲ್ಲಿಸಿದರೆ ಉಳಿದಿರುವ ಕೋಶಗಳ ಮೇಲೆ ಮತ್ತೆ ಪೂರ್ತಿ ಹೊರೆ ಬೀಳುತ್ತದೆ, ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಆಗಿ ಮಗುವಿನ ಜೀವಕ್ಕೇ ಅಪಾಯವಾಗುತ್ತದೆ. ಡೋಸನ್ನು ಏರಿಸುವುದು ಇಳಿಸುವುದು ನಿಮ್ಮ ವೈದ್ಯರ ಸಲಹೆಯಂತೆ ನಡೆಯಲಿ.

ಎರಡನೆಯದಾಗಿ, ನಿಮ್ಮಿಂದ ತಪ್ಪಾಗಿಲ್ಲ. ಸಿಹಿ ತಿಂದದ್ದರಿಂದಾಗಲಿ, ಹೆದರಿದ್ದರಿಂದಾಗಲಿ, ಲಸಿಕೆ ಹಾಕಿಸಿದ್ದರಿಂದಾಗಲಿ ಟೈಪ್ 1 ಮಧುಮೇಹ ಬರುವುದಿಲ್ಲ. ಪ್ರತಿಯೊಬ್ಬ ತಾಯಿಯೂ ಈ ಪ್ರಶ್ನೆಯನ್ನು ಕೇಳುತ್ತಾರೆ, ಕೆಲವರು ಬಾಯಿಬಿಟ್ಟು ಕೇಳಲಾರದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಇಷ್ಟು ಖಚಿತವಾಗಿ ಬರೆಯುತ್ತಿದ್ದೇನೆ.

ಈಗ ಕಿಣ್ವದ ಮಾತು. ನೀವು ಒಂದು ಕಿಣ್ವವೆಂದು ಬರೆದಿದ್ದೀರಿ. ಒಂದಲ್ಲ, ಒಂದಕ್ಕೊಂದು ಸುದ್ದಿ ದಾಟಿಸುವ ಹಲವು ಕಿಣ್ವಗಳ ಸರಣಿಯೇ ಇಲ್ಲಿದೆ, ಅವುಗಳಲ್ಲಿ ಎರಡು ಪಂಗಡಗಳಿವೆ. ಜನಗಣತಿಯವರು ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುವುದನ್ನು ನೋಡಿದ್ದೀರಲ್ಲ, ಹಾಗೆಯೇ ಕೈನೇಸ್ ಎಂಬ ಪಂಗಡದ ಕಿಣ್ವಗಳು ಇತರ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಎಂಬ ಸಣ್ಣ ಗುರುತನ್ನು ಹಚ್ಚುತ್ತವೆ. ಫಾಸ್ಫಟೇಸ್ ಪಂಗಡದವು ಆ ಗುರುತನ್ನು ಒರೆಸುತ್ತವೆ. ಗುರುತು ಬಿದ್ದ ಪ್ರೋಟೀನಿನ ಆಕಾರವೂ ನಡವಳಿಕೆಯೂ ಬದಲಾಗುತ್ತವೆ, ಅದು ಮುಂದಿನದನ್ನು ಎಬ್ಬಿಸುತ್ತದೆ. ಕೋಶದ ಹೊರಮೈಯಲ್ಲಿ ತಾಗಿದ ಸುದ್ದಿಯೊಂದು ಒಳಗಿನ ವಂಶವಾಹಿಗಳವರೆಗೆ ಹೀಗೆ ಗುರುತಿನಿಂದ ಗುರುತಿಗೆ ದಾಟಿ ಹೋಗುತ್ತದೆ. ಈ ಹಚ್ಚುವಿಕೆ ಮತ್ತು ಒರೆಸುವಿಕೆಗಳ ನಡುವಿನ ಹದ ಸ್ವಲ್ಪ ತಪ್ಪಿದರೂ ರಕ್ಷಣೆಗೆಂದು ಇರುವ ಕೋಶ ಮೈಯ ಮೇಲೇ ತಿರುಗಿ ಬೀಳಬಹುದು.

ಬೀಟಾ ಕೋಶಗಳನ್ನು ಕೊಲ್ಲುವವು ಮುಖ್ಯವಾಗಿ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು. ಬೇರೆ ಕೋಶವೊಂದು ಎಚ್‌ಎಲ್‌ಎ ಎಂಬ ಅಣುವಿನಲ್ಲಿ ಪ್ರೋಟೀನಿನ ಚೂರನ್ನು ಎತ್ತಿ ತೋರಿಸಿದಾಗ ಟಿ ಕೋಶದ ಹೊರಮೈಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನು, ಎಂದರೆ ಗ್ರಾಹಕ, ಅದನ್ನು ಮುಟ್ಟಿ ನೋಡುತ್ತದೆ. ಈ ಗ್ರಾಹಕಕ್ಕೆ ಸ್ವಂತ ಕಿಣ್ವಶಕ್ತಿ ಇಲ್ಲ. ಅದರ ಪಕ್ಕದಲ್ಲಿರುವ ಸಿಡಿ3 ಎಂಬ ಪ್ರೋಟೀನುಗಳ ಬಾಲದ ಮೇಲೆ ಎಲ್‌ಸಿಕೆ ಎಂಬ ಕೈನೇಸ್ ಫಾಸ್ಫೇಟ್ ಹಚ್ಚುತ್ತದೆ. ಆ ಗುರುತುಗಳ ಮೇಲೆ ಜ್ಯಾಪ್-70 ಎಂಬ ಇನ್ನೊಂದು ಕೈನೇಸ್ ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಕೋಶದೊಳಗೆ ಕ್ಯಾಲ್ಸಿಯಂ ಏರಿ, ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್ ಎಚ್ಚರಗೊಂಡು, ಟಿ ಕೋಶವನ್ನು ಬೆಳೆಸುವ ಇಂಟರ್‌ಲ್ಯೂಕಿನ್-2ರ ವಂಶವಾಹಿ ತೆರೆದುಕೊಳ್ಳುತ್ತದೆ. ಗುರುತು ಒರೆಸುವುದೆಲ್ಲವೂ ಸುದ್ದಿಯನ್ನು ತಡೆಯುವುದೇ ಎಂದುಕೊಳ್ಳಬಾರದು ಎನ್ನುವುದಕ್ಕೆ ಕ್ಯಾಲ್ಸಿನ್ಯೂರಿನ್ ಒಳ್ಳೆಯ ನಿದರ್ಶನ, ಏಕೆಂದರೆ ಅದು ಒರೆಸಿದಾಗಲೇ ಮುಂದಿನ ಬಾಗಿಲು ತೆರೆಯುತ್ತದೆ.

ಟೈಪ್ 1 ಮಧುಮೇಹದ ವಂಶವಾಹಿ ಅಪಾಯದಲ್ಲಿ ಸುಮಾರು ಅರ್ಧ ಪಾಲು ಆ ಎಚ್‌ಎಲ್‌ಎ ಅಣುಗಳಿಗೇ ಸೇರಿದ್ದು. ಉಳಿದ ಅರ್ಧದಲ್ಲಿ ಹತ್ತಾರು ಸಣ್ಣ ಸಣ್ಣ ಪಾಲುಗಳಿವೆ, ಅವುಗಳಲ್ಲಿ ಹಲವು ಇಂಥ ಸಂಕೇತ ಕಿಣ್ವಗಳಿಗೆ ಸಂಬಂಧಿಸಿವೆ. 2004ರಲ್ಲಿ ಪತ್ತೆಯಾದ ಪಿಟಿಪಿಎನ್22 ಅವುಗಳಲ್ಲಿ ಹೆಚ್ಚು ಹೆಸರಾದದ್ದು. ಈ ವಂಶವಾಹಿ ತಯಾರಿಸುವ ಫಾಸ್ಫಟೇಸ್, ಎಲ್‌ಸಿಕೆ ಮತ್ತು ಜ್ಯಾಪ್-70ರ ಮೇಲಿನ ಗುರುತುಗಳನ್ನು ಒರೆಸಿ ಟಿ ಕೋಶದ ಉದ್ರೇಕವನ್ನು ಇಳಿಸುತ್ತದೆ. ಅದರ 620ನೇ ಸ್ಥಾನದ ಅಮೈನೋ ಆಮ್ಲ ಅರ್ಜಿನೀನ್ ಬದಲು ಟ್ರಿಪ್ಟೋಫಾನ್ ಆಗಿರುವವರಲ್ಲಿ ಟೈಪ್ 1 ಮಧುಮೇಹ ಮಾತ್ರವಲ್ಲ, ರುಮಟಾಯ್ಡ್ ಸಂಧಿವಾತ, ಕೆಲವು ಥೈರಾಯ್ಡ್ ಕಾಯಿಲೆಗಳು ಮತ್ತು ಲೂಪಸ್ ಕೂಡ ಹೆಚ್ಚಾಗಿ ಕಾಣುತ್ತವೆ. ಆದರೆ ಈ ರೂಪಾಂತರ ಉತ್ತರ ಯುರೋಪಿನ ಮೂಲದವರಲ್ಲಿ ಸಾಮಾನ್ಯ, ಭಾರತೀಯರಲ್ಲಿ ಬಲು ಅಪರೂಪ. ಆದ್ದರಿಂದ ಇದೇ ನಿಮ್ಮ ಮಗಳ ಕಾಯಿಲೆಗೆ ಕಾರಣವೆಂದು ಹುಡುಕಿಕೊಂಡು ಹೋಗಿ ವಂಶವಾಹಿ ಪರೀಕ್ಷೆಗೆ ಹಣ ಸುರಿಯಬೇಡಿ.

ಇಲ್ಲೊಂದು ಒಗಟಿದೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಪಿಟಿಪಿಎನ್22 ಎಂಬ ಬ್ರೇಕು ಸಡಿಲವಾದದ್ದರಿಂದ ಟಿ ಕೋಶ ಕೆರಳಿತು ಎನ್ನುವುದು ಸುಲಭದ ವಿವರಣೆ. ಆದರೆ ಆ ರೂಪಾಂತರದಲ್ಲಿ ಬ್ರೇಕು ಇನ್ನಷ್ಟು ಬಿಗಿಯಾಗಿದೆ ಎಂದು ತೋರಿಸಿದ ಪ್ರಯೋಗಗಳೂ ಇವೆ, ಸಡಿಲವಾಗಿದೆ ಎಂದು ತೋರಿಸಿದವೂ ಇವೆ. ಬ್ರೇಕು ಬಿಗಿಯಾದರೆ ಕಾಯಿಲೆ ಹೆಚ್ಚುವುದು ಹೇಗೆ? ಟಿ ಕೋಶಗಳು ಎಳೆಯವಾಗಿದ್ದಾಗ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪರೀಕ್ಷೆಗೆ ಒಳಗಾಗುತ್ತವೆ; ಸ್ವಂತ ಮೈಯ ಪ್ರೋಟೀನನ್ನು ಕಂಡು ಯಾವುದರೊಳಗೆ ಬಲವಾದ ಸಂಕೇತ ಹುಟ್ಟುತ್ತದೋ ಆ ಕೋಶವನ್ನು ಅಲ್ಲಿಯೇ ಕೊಲ್ಲಲಾಗುತ್ತದೆ. ಸಂಕೇತವೇ ಮಂಕಾಗಿದ್ದರೆ ಕೊಲ್ಲಬೇಕಾದ ಕೋಶವೂ ಪರೀಕ್ಷೆಯಿಂದ ನುಸುಳಿ ರಕ್ತಕ್ಕೆ ಸೇರಿಬಿಡಬಹುದು. ಹೀಗಾಗಿ ಕಿಣ್ವದ ಕೆಲಸ ಹೆಚ್ಚಿತೇ ಕಡಿಮೆಯಾಯಿತೇ ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಅದು ಯಾವ ವಯಸ್ಸಿನ ಯಾವ ಕೋಶದಲ್ಲಿ ಆಯಿತು ಎನ್ನುವುದು.

ನೀವು ಓದಿದ ಮಾತ್ರೆ ತಡೆಯುವುದು ಬೇರೊಂದು ಕುಟುಂಬದ ಕೈನೇಸ್‌ಗಳನ್ನು. ಅವುಗಳಿಗೆ ಜ್ಯಾನಸ್ ಕೈನೇಸ್, ಚುಟುಕಾಗಿ ಜ್ಯಾಕ್ ಎಂದು ಹೆಸರು. ಎರಡು ಮುಖಗಳುಳ್ಳ ರೋಮನ್ ದೇವತೆಯ ಹೆಸರಿದು. ಈ ಕಿಣ್ವಗಳಲ್ಲಿಯೂ ಒಂದರಂತೆ ಇನ್ನೊಂದು ಕಾಣುವ ಎರಡು ಭಾಗಗಳಿದ್ದು, ಒಂದು ಫಾಸ್ಫೇಟ್ ಹಚ್ಚುತ್ತದೆ, ಇನ್ನೊಂದು ಅದನ್ನು ಹಿಡಿತದಲ್ಲಿಡುತ್ತದೆ. ಜ್ಯಾಕ್1, ಜ್ಯಾಕ್2, ಜ್ಯಾಕ್3 ಮತ್ತು ಟೈಕ್2 ಎಂದು ಒಟ್ಟು ನಾಲ್ಕು. ರೋಗನಿರೋಧಕ ಕೋಶಗಳು ಒಂದಕ್ಕೊಂದು ಕಳುಹಿಸುವ ಸೈಟೋಕೈನ್ ಎಂಬ ರಾಸಾಯನಿಕ ಸಂದೇಶಗಳಲ್ಲಿ ಹಲವನ್ನು ಕೋಶದ ಒಳಕ್ಕೆ ತಲುಪಿಸುವವು ಇವೇ. ಸಂದೇಶ ಬಂದು ಗ್ರಾಹಕಕ್ಕೆ ತಾಗಿದೊಡನೆ ಅದರ ಒಳಬದಿಯಲ್ಲಿ ಜೋಡಿಯಾಗಿ ಕುಳಿತ ಜ್ಯಾಕ್‌ಗಳು ಸ್ಟ್ಯಾಟ್ ಎಂಬ ಪ್ರೋಟೀನುಗಳಿಗೆ ಗುರುತು ಹಚ್ಚುತ್ತವೆ, ಸ್ಟ್ಯಾಟ್‌ಗಳು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳನ್ನು ಎಬ್ಬಿಸುತ್ತವೆ. ಇಂಟರ್‌ಫೆರಾನ್ ಗಾಮಾ ಬಂದರೆ ಜ್ಯಾಕ್1 ಮತ್ತು ಜ್ಯಾಕ್2, ವೈರಾಣು ಸೋಂಕಿನಲ್ಲಿ ಹೊಮ್ಮುವ ಇಂಟರ್‌ಫೆರಾನ್ ಆಲ್ಫಾ ಬಂದರೆ ಜ್ಯಾಕ್1 ಮತ್ತು ಟೈಕ್2, ಇಂಟರ್‌ಲ್ಯೂಕಿನ್-2 ಬಂದರೆ ಜ್ಯಾಕ್1 ಮತ್ತು ಜ್ಯಾಕ್3 ಈ ಕೆಲಸ ಮಾಡುತ್ತವೆ.

ಈ ಕಿಣ್ವಗಳು ಟಿ ಕೋಶಗಳಲ್ಲಿ ಮಾತ್ರವಲ್ಲ, ಬೀಟಾ ಕೋಶದಲ್ಲಿಯೂ ಇವೆ. ಇಡೀ ವಿಷಯದಲ್ಲಿ ನಾನು ಹೆಚ್ಚು ಒತ್ತು ಕೊಡಬಯಸುವ ಸಂಗತಿ ಇದು. ಬೀಟಾ ಕೋಶ ಸುಮ್ಮನೆ ಕೂತು ಏಟು ತಿನ್ನುವುದಿಲ್ಲ. ಟಿ ಕೋಶ ಸುರಿಸುವ ಇಂಟರ್‌ಫೆರಾನ್ ಗಾಮಾ ಬೀಟಾ ಕೋಶದ ಗ್ರಾಹಕಕ್ಕೆ ತಾಗಿ ಅದರೊಳಗಿನ ಜ್ಯಾಕ್‌ಗಳನ್ನು ಎಬ್ಬಿಸುತ್ತದೆ. ಆಗ ಬೀಟಾ ಕೋಶ ತನ್ನ ಮೈಮೇಲೆ ಎಚ್‌ಎಲ್‌ಎ ಅಣುಗಳನ್ನು ಬಹುವಾಗಿ ಹೆಚ್ಚಿಸಿಕೊಂಡು ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಎತ್ತಿ ಎತ್ತಿ ತೋರಿಸತೊಡಗುತ್ತದೆ, ಜೊತೆಗೆ ಇನ್ನಷ್ಟು ಟಿ ಕೋಶಗಳನ್ನು ಕರೆಸುವ ಸಿಎಕ್ಸ್‌ಸಿಎಲ್10 ಎಂಬ ರಾಸಾಯನಿಕವನ್ನೂ ಹೊರಬಿಡುತ್ತದೆ. ವೈರಾಣು ಹೊಕ್ಕ ಕೋಶವೊಂದು ಹೀಗೆ ಮಾಡಿದರೆ ಅದು ದೇಹಕ್ಕೆ ಉಪಕಾರ. ಬೀಟಾ ಕೋಶದ ಪಾಲಿಗೆ ಅದೇ ನಡೆ ಕೊಲ್ಲುವವರಿಗೆ ತನ್ನ ಮನೆಯ ವಿಳಾಸವನ್ನು ಕೂಗಿ ಹೇಳಿದಂತಾಗುತ್ತದೆ. ಟೈಪ್ 1 ಮಧುಮೇಹವಿದ್ದು ತೀರಿಕೊಂಡವರ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಇನ್ಸುಲಿನ್ ಇನ್ನೂ ಉಳಿದಿರುವ ಕಿರುದ್ವೀಪಗಳಲ್ಲಿ (ಬೀಟಾ ಕೋಶಗಳಿರುವ ಪುಟ್ಟ ಗುಂಪುಗಳಲ್ಲಿ) ಎಚ್‌ಎಲ್‌ಎ ಅತಿಯಾಗಿ ಹೆಚ್ಚಿರುವುದು ಕಣ್ಣಿಗೇ ಕಾಣುತ್ತದೆ.

ಈ ಸದ್ದನ್ನು ತಗ್ಗಿಸುವ ಕಿಣ್ವವೂ ಬೀಟಾ ಕೋಶದಲ್ಲಿದೆ. ಅದು ಪಿಟಿಪಿಎನ್2 ಎಂಬ ಫಾಸ್ಫಟೇಸ್, ಜ್ಯಾಕ್1 ಮತ್ತು ಸ್ಟ್ಯಾಟ್1ರ ಮೇಲಿನ ಗುರುತುಗಳನ್ನು ಒರೆಸುವಂಥದ್ದು. ಅದನ್ನು ಕುಗ್ಗಿಸಿದ ಬೀಟಾ ಕೋಶಗಳು ಇಂಟರ್‌ಫೆರಾನ್ ಏಟಿಗೆ ಬೇಗ ಸಾಯುತ್ತವೆಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ, ಅದರ ರೂಪಾಂತರಗಳಿಗೂ ಟೈಪ್ 1 ಮಧುಮೇಹಕ್ಕೂ ನಂಟಿರುವುದು 2007ರಿಂದ ಗೊತ್ತಿದೆ. ಇನ್ನು ಟೈಕ್2ರ ಕಥೆ ಇದಕ್ಕೆ ತದ್ವಿರುದ್ಧ. ಹುಟ್ಟಿನಿಂದಲೇ ಟೈಕ್2 ಸ್ವಲ್ಪ ದುರ್ಬಲವಾಗಿರುವ ಒಂದು ರೂಪಾಂತರವಿರುವವರಿಗೆ ಟೈಪ್ 1 ಮಧುಮೇಹದ ಅಪಾಯ ಕಡಿಮೆ. ಔಷಧದಿಂದ ಈ ಕಿಣ್ವವನ್ನು ತಗ್ಗಿಸಿದರೆ ಏನಾದೀತು ಎಂಬುದನ್ನು ನಿಸರ್ಗವೇ ಮೊದಲು ಮಾಡಿ ತೋರಿಸಿದಂತಾಯಿತು. ಅದೇ ನಿಸರ್ಗ ಬೆಲೆಯನ್ನೂ ತೋರಿಸಿದೆ: ತಂದೆ ತಾಯಿ ಇಬ್ಬರಿಂದಲೂ ಆ ರೂಪಾಂತರ ಬಂದಿರುವವರಿಗೆ ಕ್ಷಯರೋಗ ತಗಲುವ ಅಪಾಯ ಹೆಚ್ಚು. ನಮ್ಮ ದೇಶದಲ್ಲಿ ಈ ಮಾತನ್ನು ಎರಡು ಸಲ ಓದಬೇಕು.

ಇಷ್ಟೆಲ್ಲ ತಿಳಿದ ಮೇಲೆ ಬ್ಯಾರಿಸಿಟಿನಿಬ್ ಹಿಂದಿನ ತರ್ಕ ಅರ್ಥವಾಗುತ್ತದೆ. ಅದು ಜ್ಯಾಕ್1 ಮತ್ತು ಜ್ಯಾಕ್2ನ್ನು ತಡೆಯುತ್ತದೆ. ಎಂದರೆ ಟಿ ಕೋಶದ ಉದ್ರೇಕವನ್ನೂ ಬೀಟಾ ಕೋಶದ ಕೂಗನ್ನೂ ಒಂದೇ ಮಾತ್ರೆ ತಗ್ಗಿಸಬಲ್ಲದು. ರುಮಟಾಯ್ಡ್ ಸಂಧಿವಾತಕ್ಕೆ ಇದು ಮೊದಲಿನಿಂದ ಬಳಕೆಯಲ್ಲಿದೆ, 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಆಸ್ಪತ್ರೆಗಳಲ್ಲಿಯೂ ಇದರ ಹೆಸರು ಕೇಳಿಬಂದಿತ್ತು. ಮಧುಮೇಹ ತಾನಾಗಿ ಬರುವ ಎನ್‌ಒಡಿ ಎಂಬ ತಳಿಯ ಇಲಿಗಳಲ್ಲಿ ಜ್ಯಾಕ್ ತಡೆ ಫಲ ಕೊಟ್ಟ ಬಳಿಕ ಮೆಲ್ಬರ್ನಿನ ಸೇಂಟ್ ವಿನ್ಸೆಂಟ್ಸ್ ಸಂಶೋಧನಾ ಸಂಸ್ಥೆಯ ಥಾಮಸ್ ಕೇ, ಹೆಲೆನ್ ಥಾಮಸ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಪ್ರಯೋಗ ನಡೆಸಿ 2023ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಪತ್ತೆಯಾಗಿ 100 ದಿನ ಮೀರದ, 10ರಿಂದ 30 ವರ್ಷದ 91 ಮಂದಿ ಅದರಲ್ಲಿದ್ದರು. 60 ಮಂದಿಗೆ ದಿನಕ್ಕೆ 4 ಮಿಲಿಗ್ರಾಂ ಬ್ಯಾರಿಸಿಟಿನಿಬ್, 31 ಮಂದಿಗೆ ಔಷಧವಿಲ್ಲದ ಮಾತ್ರೆ, 48 ವಾರಗಳ ಕಾಲ. ಎರಡೂ ಗುಂಪಿನವರಿಗೆ ಇನ್ಸುಲಿನ್ ಚಿಕಿತ್ಸೆ ಇತ್ತು ಎಂಬುದನ್ನು ಹಿರಿಯರಿಗೆ ಹೇಳಿ.

ಬೀಟಾ ಕೋಶ ಇನ್ಸುಲಿನ್ ತಯಾರಿಸಿದಾಗಲೆಲ್ಲ ಅಷ್ಟೇ ಪ್ರಮಾಣದಲ್ಲಿ ಸಿ-ಪೆಪ್ಟೈಡ್ ಎಂಬ ತುಣುಕನ್ನೂ ರಕ್ತಕ್ಕೆ ಬಿಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನಿನಲ್ಲಿ ಅದು ಇರುವುದಿಲ್ಲವಾದ್ದರಿಂದ ಸ್ವಂತ ಉತ್ಪಾದನೆ ಎಷ್ಟು ಉಳಿದಿದೆ ಎಂದು ಅಳೆಯಲು ಅದನ್ನೇ ನೋಡುತ್ತಾರೆ. 48 ವಾರಗಳ ಕೊನೆಗೆ, ಊಟದ ಪರೀಕ್ಷೆಯಲ್ಲಿ ಈ ಅಳತೆ ಬ್ಯಾರಿಸಿಟಿನಿಬ್ ಗುಂಪಿನಲ್ಲಿ 0.65 ಮತ್ತು ಇನ್ನೊಂದು ಗುಂಪಿನಲ್ಲಿ 0.43 ಇತ್ತು. ಬೇಕಾದ ಇನ್ಸುಲಿನ್ ಕ್ರಮವಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.41 ಮತ್ತು 0.52 ಯೂನಿಟ್. ಸಕ್ಕರೆಯ ಏರಿಳಿತ ಕಡಿಮೆಯಾಯಿತು, ಆದರೆ ಮೂರು ತಿಂಗಳ ಸರಾಸರಿಯಾದ ಎಚ್‌ಬಿಎ1ಸಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಡ್ಡಪರಿಣಾಮಗಳೂ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದವು. ದಿನಕ್ಕೊಂದು ಮಾತ್ರೆಯಿಂದ ಇಷ್ಟಾದದ್ದು ದೊಡ್ಡ ಸಂಗತಿಯೆಂದೇ ನಾನು ತಿಳಿದಿದ್ದೇನೆ, ಏಕೆಂದರೆ 1922ರಿಂದ ಈಚೆಗೆ ಈ ಕಾಯಿಲೆಯಲ್ಲಿ ನಾವು ಇಲ್ಲದ ಇನ್ಸುಲಿನ್ನನ್ನು ತುಂಬಿಕೊಡುತ್ತ ಬಂದಿದ್ದೇವೆಯೇ ಹೊರತು ಮೂಲ ದಾಳಿಯನ್ನು ತಡೆಯಲು ಶಕ್ತರಾದದ್ದು ಬಹಳ ಕಡಿಮೆ.

ಆದರೂ ನಿಮ್ಮ ಮಗಳಿಗೆ ಈಗ ಇದನ್ನು ಕೊಡಿಸಿ ಎಂದು ನಾನು ಹೇಳಲಾರೆ. ಮೊದಲನೆಯ ಕಾರಣ, ಮಾತ್ರೆ ನಿಲ್ಲಿಸಿದ ಮೇಲೆ ಆ ಪ್ರಯೋಗದಲ್ಲಿ ದೊರೆತ ಲಾಭ ಉಳಿಯಲಿಲ್ಲ, ಸಿ-ಪೆಪ್ಟೈಡ್ ಇಳಿಯತೊಡಗಿತು. ಇದು ಹೊಸ ಅನುಭವವೂ ಅಲ್ಲ. 1980ರ ದಶಕದಲ್ಲಿ ಫ್ರಾನ್ಸಿನಲ್ಲಿಯೂ ಕೆನಡಾದಲ್ಲಿಯೂ ಹೊಸದಾಗಿ ಟೈಪ್ 1 ಬಂದವರಿಗೆ ಸೈಕ್ಲೋಸ್ಪೋರಿನ್ ಕೊಟ್ಟು ನೋಡಿದ್ದರು. ನಾನು ಮೇಲೆ ಹೇಳಿದ ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು ತಡೆಯುವ ಔಷಧ ಅದು. ಕೆಲವರಿಗೆ ಸ್ವಲ್ಪ ಕಾಲ ಇನ್ಸುಲಿನ್ನೇ ಬೇಡವಾಯಿತು, ಆದರೆ ಔಷಧ ನಿಂತೊಡನೆ ಕಾಯಿಲೆ ಮರಳಿತು, ಮುಂದುವರಿಸೋಣವೆಂದರೆ ಮೂತ್ರಪಿಂಡಕ್ಕೆ ಹಾನಿಯ ಭಯ. ರಕ್ತದ ಕ್ಯಾನ್ಸರಿನ ಔಷಧವಾದ ಇಮ್ಯಾಟಿನಿಬ್ ಕೂಡ ಕೈನೇಸ್ ತಡೆಯುವಂಥದ್ದೇ. ಅದನ್ನು 26 ವಾರ ಕೊಟ್ಟ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷಕ್ಕೆ ಕಂಡ ಲಾಭ ಎರಡನೇ ವರ್ಷಕ್ಕೆ ಉಳಿದಿರಲಿಲ್ಲ. ಮೂರೂ ಕಡೆ ಒಂದೇ ಪಾಠ ಕಾಣುತ್ತದೆ. ಕಿಣ್ವವನ್ನು ತಡೆದರೆ ಸುದ್ದಿ ಸಾಗುವುದು ನಿಲ್ಲುತ್ತದೆ, ಬೀಟಾ ಕೋಶವನ್ನು ಗುರುತಿಟ್ಟುಕೊಂಡ ಟಿ ಕೋಶ ಮಾತ್ರ ಸಾಯುವುದಿಲ್ಲ, ಮರೆಯುವುದೂ ಇಲ್ಲ. ಹಾಗಾದರೆ ವರ್ಷಗಟ್ಟಲೆ ಕೊಡಬೇಕೆ, ಬೇರೆ ಔಷಧದ ಜೊತೆಗೂಡಿಸಬೇಕೆ, ಸಕ್ಕರೆ ಏರುವ ಮೊದಲೇ ಕೊಡಬೇಕೆ ಎಂಬ ಪ್ರಶ್ನೆಗಳು ತೆರೆದೇ ಇವೆ. ಅಮೆರಿಕದ ಟ್ರಯಲ್‌ನೆಟ್ ಸಂಶೋಧನಾ ಜಾಲ ಅಬ್ರೊಸಿಟಿನಿಬ್ ಮತ್ತು ರಿಟ್ಲೆಸಿಟಿನಿಬ್ ಎಂಬ ಬೇರೆ ಎರಡು ಜ್ಯಾಕ್ ತಡೆಗಳನ್ನು ಪರೀಕ್ಷೆಗೆ ಎತ್ತಿಕೊಂಡಿದೆ.

ಎರಡನೆಯ ಕಾರಣ ಸುರಕ್ಷತೆಯದು. ಜ್ಯಾಕ್‌ಗಳು ಮಧುಮೇಹಕ್ಕೆಂದು ಹುಟ್ಟಿದವಲ್ಲ. ಸೋಂಕನ್ನು ಎದುರಿಸುವುದೂ ಅವುಗಳಿಂದಲೇ, ದಾಳಿಕೋರ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಇಂಟರ್‌ಲ್ಯೂಕಿನ್-2ರ ಮಾತು ಕೇಳುವುದೂ ಅವುಗಳ ಮೂಲಕವೇ. ಬ್ಯಾರಿಸಿಟಿನಿಬ್ ಪೊಟ್ಟಣದ ಮೇಲೆ ತೀವ್ರ ಸೋಂಕು, ಕ್ಷಯ, ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆ ಮತ್ತು ಕ್ಯಾನ್ಸರಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು ಕಡ್ಡಾಯಗೊಳಿಸಿದ ಎಚ್ಚರಿಕೆ ಇದೆ. ಆ ಎಚ್ಚರಿಕೆಗೆ ಆಧಾರವಾದ ಮುಖ್ಯ ಅಧ್ಯಯನ ನಡೆದದ್ದು ಇದೇ ಕುಟುಂಬದ ಮತ್ತೊಂದು ಔಷಧದ ಮೇಲೆ, ವಯಸ್ಸಾದ ಸಂಧಿವಾತ ರೋಗಿಗಳಲ್ಲಿ ಎಂಬುದು ನಿಜ, ಮಕ್ಕಳಲ್ಲಿ ಅಷ್ಟೇ ಅಪಾಯವೆಂದು ಅದರಿಂದ ಹೇಳಲಾಗದು. ಆದರೆ ಮೈಯೊಳಗೆ ಸದ್ದಿಲ್ಲದೆ ಅಡಗಿರುವ ಕ್ಷಯದ ಸೋಂಕು ಸಾಮಾನ್ಯವಾಗಿರುವ ನಮ್ಮಲ್ಲಿ, ಅದರ ಪರೀಕ್ಷೆ ಮಾಡದೆ ಇಂಥ ಮಾತ್ರೆ ಶುರುಮಾಡುವುದು ಅಜಾಗರೂಕತೆ. ಔಷಧದಂಗಡಿಯಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ತಂದು ಕೊಡಬೇಡಿ. ನೋಂದಾಯಿತ ಪ್ರಯೋಗವೊಂದಕ್ಕೆ ಮಗಳು ಅರ್ಹಳೇ ಎಂದು ಮಕ್ಕಳ ಎಂಡೋಕ್ರೈನ್ ತಜ್ಞರನ್ನು ಕೇಳುವುದಾದರೆ ತಡಮಾಡದೆ ಕೇಳಿ, ಏಕೆಂದರೆ ಇಂಥ ಪ್ರಯೋಗಗಳಿಗೆ ಮೊದಲ ಮೂರು ತಿಂಗಳೊಳಗಿನವರನ್ನೇ ಹೆಚ್ಚಾಗಿ ಸೇರಿಸಿಕೊಳ್ಳುತ್ತಾರೆ.

ಒಂದು ಅಪವಾದವನ್ನು ಹೇಳದಿದ್ದರೆ ಉತ್ತರ ಅಪೂರ್ಣವಾದೀತು. ಬಹಳ ಅಪರೂಪವಾಗಿ, ಸ್ಟ್ಯಾಟ್1 ಎಂಬ ಒಂದೇ ವಂಶವಾಹಿ ಅತಿಯಾಗಿ ಕೆಲಸ ಮಾಡುವುದರಿಂದ ಈ ಬಗೆಯ ಮಧುಮೇಹ ಬರುವುದುಂಟು. ಅಂಥ ಒಬ್ಬ ಹದಿಹರೆಯದ ಹುಡುಗನಿಗೆ ರಕ್ಸೊಲಿಟಿನಿಬ್ ಎಂಬ ಜ್ಯಾಕ್ ತಡೆಯನ್ನು ಕೊಟ್ಟಾಗ ಇನ್ಸುಲಿನ್ನನ್ನೇ ನಿಲ್ಲಿಸಲು ಸಾಧ್ಯವಾಯಿತೆಂದು 2020ರಲ್ಲಿ ವರದಿಯಾಗಿದೆ. ಪುಟ್ಟ ವಯಸ್ಸಿನಿಂದ ಬಾಯಲ್ಲಿ, ಚರ್ಮದಲ್ಲಿ ಪದೇಪದೇ ಬಿಳಿ ಬೂಸ್ಟಿನ ಸೋಂಕು, ಬೇರೆ ಅಂಗಗಳ ಸ್ವಯಂನಿರೋಧಕ ಕಾಯಿಲೆ, ಇವು ಮಧುಮೇಹದ ಜೊತೆಗಿದ್ದರೆ ಮಾತ್ರ ವಂಶವಾಹಿ ಪರೀಕ್ಷೆಯ ಬಗ್ಗೆ ಯೋಚಿಸಬೇಕು. ನಿಮ್ಮ ಮಗಳ ವಿಷಯದಲ್ಲಿ ನೀವು ಅಂಥದ್ದೇನೂ ಬರೆದಿಲ್ಲ.

ಕೊನೆಯದಾಗಿ ನಿಮ್ಮ ಮಗನ ವಿಷಯ. ಯುರೋಪಿನ ಲೆಕ್ಕದಲ್ಲಿ ಒಡಹುಟ್ಟಿದವರಿಗೆ ಟೈಪ್ 1 ಬರುವ ಸಂಭವ ನೂರಕ್ಕೆ ಸುಮಾರು ಐದು, ಎಂದರೆ ಬಾರದಿರುವ ಸಂಭವವೇ ಬಹಳ ಹೆಚ್ಚು. ಬೇಕೆನಿಸಿದರೆ ರಕ್ತದಲ್ಲಿ ಬೀಟಾ ಕೋಶದ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಬಹುದು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಹತ್ತು ವರ್ಷಗಳೊಳಗೆ ಮಧುಮೇಹ ಕಾಣಿಸಿಕೊಳ್ಳುತ್ತದೆ. ಈ ಹಂತದಲ್ಲಿ ಕಾಯಿಲೆಯನ್ನು ಮುಂದೂಡಲು 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮ್ಯಾಬ್, 14 ದಿನ ರಕ್ತನಾಳದ ಮೂಲಕ ಕೊಡುವ ಔಷಧ. ಎಲ್‌ಸಿಕೆ ಗುರುತು ಹಚ್ಚುವುದೆಂದು ಮೇಲೆ ಹೇಳಿದೆನಲ್ಲ, ಅದೇ ಸಿಡಿ3 ಪ್ರೋಟೀನಿನ ಮೇಲೆ ಇದು ಹೋಗಿ ಕೂರುತ್ತದೆ. ಪ್ರತಿಕಾಯಗಳ ಜೊತೆಗೆ ಸಕ್ಕರೆಯ ನಡತೆಯೂ ಕೆಡತೊಡಗಿದ್ದ 76 ಬಂಧುಗಳ ಮೇಲೆ ನಡೆದ ಪ್ರಯೋಗದಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಮಧ್ಯಮ ಅವಧಿಯನ್ನು ಅದು ಸುಮಾರು 24 ತಿಂಗಳಿನಿಂದ 48 ತಿಂಗಳಿಗೆ ಮುಂದೂಡಿತು. ಆಗ ಒಪ್ಪಿಗೆ ದೊರೆತದ್ದು ಎಂಟು ವರ್ಷ ಮತ್ತು ಮೇಲ್ಪಟ್ಟವರಿಗೆ. ಪ್ರತಿಕಾಯ ಪರೀಕ್ಷೆ ಮಾಡಿಸಿ ಅಥವಾ ಬಿಡಿ, ಮಗನಿಗೆ ಪದೇಪದೇ ಮೂತ್ರ, ತಣಿಯದ ಬಾಯಾರಿಕೆ, ಬಿಟ್ಟುಹೋಗಿದ್ದ ರಾತ್ರಿ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗುವುದು, ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಅಕ್ಕನ ಗ್ಲೂಕೋಮೀಟರಿನಲ್ಲಿಯೇ ಒಂದು ಹನಿ ರಕ್ತ ನೋಡಿ. ಊಟಕ್ಕೆ ಮೊದಲಾಗಲಿ ನಂತರವಾಗಲಿ 200ರ ಮೇಲೆ ತೋರಿಸಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ; ವಾಂತಿ ಅಥವಾ ಏದುಸಿರು ಜೊತೆಗಿದ್ದರೆ ಮೀಟರಿನ ಅಂಕಿಗೂ ಕಾಯಬೇಡಿ.